ಎದೆಬಡಿತದ ಲಯ ತಪ್ಪಿದಾಗ: ಅಬ್ಲೇಶನ್ ಚಿಕಿತ್ಸೆಯಿಂದ ಏನನ್ನು ನಿರೀಕ್ಷಿಸಬಹುದು?

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಹೃದ್ರೋಗ ತಜ್ಞರೊಬ್ಬರು ನೀಡಿದ ಉಪನ್ಯಾಸದ ಬರಹರೂಪ)

 

ಈ ವೇದಿಕೆಯಲ್ಲಿ ವಚನಗಳ ಬಗ್ಗೆ ಮಾತನಾಡುವವರು ಬರುತ್ತಾರೆ. ನಾನು ಅಷ್ಟು ಓದಿಕೊಂಡವನಲ್ಲ. ನನ್ನ ಕಾಯಕ ಹೃದಯದ ವೈದ್ಯಕೀಯ, ಅದರಲ್ಲೂ ಹೃದಯದ ವಿದ್ಯುತ್ತಿಗೆ ಸಂಬಂಧಿಸಿದ್ದು. ರಕ್ತನಾಳ ಕಟ್ಟಿಕೊಂಡರೆ ಸ್ಟೆಂಟ್ ಹಾಕುವ ವೈದ್ಯರನ್ನು ನೀವೆಲ್ಲ ಬಲ್ಲಿರಿ. ಅವರು ನಲ್ಲಿ ರಿಪೇರಿಯವರಿದ್ದ ಹಾಗೆ. ನಾವು ಲೈನ್‌ಮನ್‌ಗಳು. ಕರೆಂಟ್ ಎಲ್ಲಿ ದಾರಿ ತಪ್ಪಿದೆ ಎಂದು ಹುಡುಕುವುದು ನಮ್ಮ ಕೆಲಸ.

ಕಳೆದ ಒಂದು ವರ್ಷದಲ್ಲಿ ಮಠದ ಭಕ್ತರಲ್ಲೇ ಹಲವರು ಒಂದೇ ಪ್ರಶ್ನೆ ಹಿಡಿದು ನನ್ನ ಬಳಿ ಬಂದರು. "ದೊಡ್ಡ ಆಸ್ಪತ್ರೆಯಲ್ಲಿ ಅಬ್ಲೇಶನ್ ಮಾಡಿಸಿ ಅಂದಿದ್ದಾರೆ. ಮಾಡಿಸೋದೋ ಬಿಡೋದೋ?" ಕೆಲವರು ಎದೆ ಸೀಳುತ್ತಾರೆಂದು ಹೆದರಿದ್ದರು. ಇನ್ನು ಕೆಲವರು ಒಂದು ಸಲ ಮಾಡಿಸಿಬಿಟ್ಟರೆ ಮಾತ್ರೆ, ಡಾಕ್ಟರು, ಪಥ್ಯ ಎಲ್ಲದರಿಂದ ಬಿಡುಗಡೆ ಎಂದುಕೊಂಡಿದ್ದರು. ಹೆದರಿದವರಿಗಿಂತ ಈ ಎರಡನೆಯ ಗುಂಪಿನವರ ಬಗ್ಗೆಯೇ ನನಗೆ ಚಿಂತೆ ಹೆಚ್ಚು. ಅದು ಏಕೆಂದು ಮುಂದೆ ಹೇಳುತ್ತೇನೆ.

ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಅದರಲ್ಲಿ ನಾಲ್ಕು ಕೋಣೆಗಳು, ಮೇಲೆ ಎರಡು, ಕೆಳಗೆ ಎರಡು. ಬಲಗಡೆಯ ಮೇಲಿನ ಕೋಣೆಯ ಗೋಡೆಯಲ್ಲಿ ಒಂದು ಸಣ್ಣ ಜಾಗವಿದೆ. ಪ್ರತಿ ಬಡಿತದ ಕಿಡಿ ಅಲ್ಲಿ ಹುಟ್ಟಿ, ಮೇಲಿನ ಎರಡೂ ಕೋಣೆಗಳಲ್ಲಿ ಹರಡಿ, ನಡುವಿನ ಒಂದೇ ಒಂದು ಬಾಗಿಲಿನ ಮೂಲಕ ಕೆಳಗಿನ ಕೋಣೆಗಳಿಗೆ ಇಳಿಯುತ್ತದೆ. ಈ ದಾರಿ ಕೆಟ್ಟಾಗ ಲಯ ತಪ್ಪುತ್ತದೆ. ಲಯ ತಪ್ಪುವ ಬಗೆಗಳು ಹಲವು. ಅಬ್ಲೇಶನ್ ಎಂಬ ಹೆಸರು ಒಂದೇ ಆದರೂ ಅದು ಕೊಡುವ ಫಲ ಬಗೆಯಿಂದ ಬಗೆಗೆ ಬೇರೆ. ಆದ್ದರಿಂದ ಡಾಕ್ಟರನ್ನು ಮೊದಲು ಕೇಳಬೇಕಾದ್ದು, "ನನ್ನದು ಯಾವ ಬಗೆ?" ಎಂದು. ಇವತ್ತು ಎರಡು ಬಗೆಗಳ ಬಗ್ಗೆ ಮಾತ್ರ ಹೇಳುತ್ತೇನೆ.

ಮೊದಲನೆಯದನ್ನು ನಾವು ಎಸ್‌ವಿಟಿ ಎನ್ನುತ್ತೇವೆ. ನಡುವಿನ ಬಾಗಿಲಿನ ಬಳಿ ಕೆಲವರಿಗೆ ಹುಟ್ಟಿನಿಂದಲೇ ಒಂದು ಹೆಚ್ಚುವರಿ ದಾರಿ ಇರುತ್ತದೆ. ಕಿಡಿ ಒಂದು ದಾರಿಯಲ್ಲಿ ಇಳಿದು ಇನ್ನೊಂದರಲ್ಲಿ ಹತ್ತಿ ಗಾಣದ ಎತ್ತಿನಂತೆ ಸುತ್ತತೊಡಗುತ್ತದೆ. ಸುಮ್ಮನೆ ಕುಳಿತಿದ್ದಾಗ ಎದೆ ಇದ್ದಕ್ಕಿದ್ದಂತೆ ನಿಮಿಷಕ್ಕೆ 150, 180, ಒಮ್ಮೊಮ್ಮೆ 200 ಸಲ ಹೊಡೆದುಕೊಳ್ಳುತ್ತದೆ. ಸ್ವಿಚ್ ಹಾಕಿದಂತೆ ಶುರು, ಸ್ವಿಚ್ ಆರಿಸಿದಂತೆ ನಿಲುಗಡೆ. ಇದರ ಅತಿ ಸಾಮಾನ್ಯ ರೂಪ ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಎರಡು ಪಟ್ಟು ಹೆಚ್ಚು.

ಇಲ್ಲಿ ನಿಮ್ಮ ಮುಂದೆ ಒಂದು ಮಾತು ಹೇಳಲೇಬೇಕು. ಇಂಥ ಹೆಣ್ಣುಮಕ್ಕಳು ನಮ್ಮ ಬಳಿ ಬರುವ ಮೊದಲು ಎಲ್ಲೆಲ್ಲಿ ಹೋಗಿ ಬಂದಿರುತ್ತಾರೆ ಗೊತ್ತೇ? ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿರುತ್ತಾರೆ. ದೃಷ್ಟಿ ತೆಗೆಸಿರುತ್ತಾರೆ. ಓದಿದವರ ಮನೆಯಾದರೆ "ಪರೀಕ್ಷೆಯ ಭಯ", "ಅತ್ತೆ ಮನೆಯ ಟೆನ್ಶನ್" ಎಂದು ನಿದ್ರೆ ಮಾತ್ರೆ ಕೊಡಿಸಿರುತ್ತಾರೆ. ಆಸ್ಪತ್ರೆ ತಲುಪುವಷ್ಟರಲ್ಲಿ ಬಡಿತ ತಾನೇ ನಿಂತು, ಇಸಿಜಿ ಸರಿಯಾಗಿ ಬಂದು, "ಏನೂ ಇಲ್ಲ, ಮನಸ್ಸಿಗೆ ಹಚ್ಚಿಕೊಂಡಿದ್ದೀಯ" ಎಂದು ವೈದ್ಯರೇ ವಾಪಸು ಕಳಿಸಿರುವುದೂ ಉಂಟು. ಒಬ್ಬ ಹುಡುಗಿಯನ್ನು ಹನ್ನೊಂದು ವರ್ಷ ಹೀಗೇ ಸುತ್ತಿಸಿದ್ದರು. ಸಂಬಂಧ ತಪ್ಪೀತೆಂದು ಮನೆಯವರು ಬಾಯಿ ಬಿಟ್ಟಿರಲಿಲ್ಲ. ಕೊನೆಗೆ ಬಡಿತ ಏರಿದ್ದಾಗಲೇ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಓಡಿ ಒಂದು ಇಸಿಜಿ ಪಟ್ಟಿ ತೆಗೆಸಿಕೊಂಡು ಬಂದಳು. ಆ ಗೇಣುದ್ದದ ಕಾಗದದಲ್ಲಿ ಎಲ್ಲ ಇತ್ತು. ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾಗುತ್ತಿದ್ದರೆ, ಬಡಿತ ಏರಿರುವಾಗಲೇ ಎಲ್ಲಿ ಸಿಕ್ಕರೆ ಅಲ್ಲಿ ಇಸಿಜಿ ತೆಗೆಸಿ ಆ ಪಟ್ಟಿಯನ್ನು ಜೋಪಾನ ಮಾಡಿ.

ರೋಗ ಇದೇ ಎಂದು ಖಚಿತವಾದವರಿಗೆ ಮನೆಯಲ್ಲೇ ಮಾಡಬಹುದಾದ ಒಂದು ಉಪಾಯವಿದೆ. ಒರಗಿ ಕುಳಿತು ಬಾಯಿ ಮೂಗು ಮುಚ್ಚಿದಂತೆ ಮಾಡಿ 15 ಸೆಕೆಂಡು ಮುಕ್ಕಬೇಕು. ತಕ್ಷಣ ಅಂಗಾತ ಮಲಗಬೇಕು, ಪಕ್ಕದವರು ಎರಡೂ ಕಾಲನ್ನು ಎತ್ತಿ 15 ಸೆಕೆಂಡು ಹಿಡಿಯಬೇಕು. 2015ರಲ್ಲಿ ಇಂಗ್ಲೆಂಡಿನಲ್ಲಿ ಇದನ್ನು ಪರೀಕ್ಷಿಸಿ ನೋಡಿದಾಗ ಹತ್ತರಲ್ಲಿ ನಾಲ್ಕು ಜನಕ್ಕೆ ಬಡಿತ ಸರಿಹೋಯಿತು. ಬರೀ ಮುಕ್ಕಿದವರಲ್ಲಿ ಎರಡಕ್ಕಿಂತ ಕಡಿಮೆ. ಖರ್ಚಿಲ್ಲದ ಮದ್ದು. ಆದರೆ ಎದೆನೋವು, ತಲೆಸುತ್ತು ಇದ್ದರೆ ಇದನ್ನು ಮಾಡುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ಈ ಬಗೆಯವರಿಗೆ ಅಬ್ಲೇಶನ್ ಒಂದು ವರ. ಆ ಹೆಚ್ಚುವರಿ ದಾರಿಯನ್ನು ಹುಡುಕಿ ಸುಟ್ಟುಬಿಟ್ಟರೆ ಮುಗಿಯಿತು. ನೂರರಲ್ಲಿ 95ಕ್ಕೂ ಹೆಚ್ಚು ಮಂದಿಗೆ ಒಂದೇ ಸಲಕ್ಕೆ ಗುಣವಾಗುತ್ತದೆ, ಬಹುಪಾಲು ಜನರಿಗೆ ಆಮೇಲೆ ಮಾತ್ರೆಯೂ ಬೇಡ. ನೂರಕ್ಕೆ ಸುಮಾರು ಒಬ್ಬರಿಗೆ, ಅಥವಾ ಅದಕ್ಕಿಂತ ಕಡಿಮೆ, ಸುಡುವಾಗ ಪಕ್ಕದ ಮುಖ್ಯ ಬಾಗಿಲಿಗೇ ಏಟು ಬಿದ್ದು ಪೇಸ್‌ಮೇಕರ್ ಬೇಕಾಗಬಹುದು. ಆ ಮಾತನ್ನು ಮೊದಲೇ ಹೇಳಿಸಿಕೊಂಡು ಒಪ್ಪಿಗೆ ಕೊಡಿ. ಆ ಹುಡುಗಿ ಈಗ ಎರಡು ಮಕ್ಕಳ ತಾಯಿ.

ಎರಡನೆಯದು ಏಟ್ರಿಯಲ್ ಫಿಬ್ರಿಲೇಶನ್, ಚಿಕ್ಕದಾಗಿ ಎ.ಎಫ್. ವಯಸ್ಸಾದವರಲ್ಲಿ ಹೆಚ್ಚು. ಬಿಪಿ, ಸಕ್ಕರೆ ಕಾಯಿಲೆ, ಬೊಜ್ಜು, ಕುಡಿತ, ಥೈರಾಯ್ಡ್, ನಿದ್ರೆಯಲ್ಲಿ ಉಸಿರು ಕಟ್ಟುವ ಗೊರಕೆ, ಇವೆಲ್ಲ ಅದರ ನೆಂಟರು. ಚಿಕ್ಕಂದಿನಲ್ಲಿ ಕೀಲುಜ್ವರ ಬಂದು ಹೃದಯದ ಕವಾಟ ಕಿರಿದಾದವರಿಗೆ ನಡುವಯಸ್ಸಿನಲ್ಲೇ ಬರುತ್ತದೆ. ನಮ್ಮ ಕಡೆ ಅಂಥವರು ಇನ್ನೂ ಬಹಳ ಮಂದಿ ಇದ್ದಾರೆ. ಇದರಲ್ಲಿ ಮೇಲಿನ ಕೋಣೆಗಳು ಬಡಿಯುವುದನ್ನೇ ಬಿಟ್ಟು ಅದುರುತ್ತವೆ. ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಕೆಳಗೆ ಎರಡು ಬೆರಳಿಟ್ಟು ನಾಡಿ ನೋಡಿ. ಸರಿಯಿದ್ದರೆ ಗಡಿಯಾರದ ಹಾಗೆ. ಎ.ಎಫ್ ಇದ್ದರೆ ಬಿಸಿ ಬಾಣಲೆಯಲ್ಲಿ ಜೋಳದ ಅರಳು ಸಿಡಿದ ಹಾಗೆ. ಒಂದು ಬೇಗ, ಒಂದು ತಡ, ಒಂದು ಜೋರು, ಒಂದು ಮೆಲ್ಲಗೆ. ಕೆಲವರಿಗೆ ದಮ್ಮು, ಸುಸ್ತು. ಕೆಲವರಿಗೆ ಏನೂ ಅನಿಸುವುದಿಲ್ಲ.

ಏನೂ ಅನಿಸದಿದ್ದರೂ ಅಪಾಯ ಇದೆ. ಅದುರುವ ಕೋಣೆಯಲ್ಲಿ ರಕ್ತ ನಿಂತ ನೀರಿನಂತಾಗಿ, ಎಡಗಡೆಯ ಕೋಣೆಗೆ ಅಂಟಿಕೊಂಡಿರುವ ಒಂದು ಸಣ್ಣ ಚೀಲದಲ್ಲಿ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಕಳಚಿ ಮಿದುಳಿಗೆ ಹೋದರೆ ಲಕ್ವ. ಎ.ಎಫ್ ಇರುವವರಿಗೆ ಲಕ್ವದ ಸಾಧ್ಯತೆ ಇಲ್ಲದವರಿಗಿಂತ ಸುಮಾರು ಐದು ಪಟ್ಟು ಎಂದು ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನವರನ್ನು ದಶಕಗಳ ಕಾಲ ಗಮನಿಸಿ ಕಂಡುಕೊಂಡಿದ್ದಾರೆ. ರಕ್ತ ತೆಳು ಮಾಡುವ ಮಾತ್ರೆ ಈ ಅಪಾಯವನ್ನು ಮೂರರಲ್ಲಿ ಎರಡು ಭಾಗದಷ್ಟು ಇಳಿಸುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮತ್ತೆ ಇಲ್ಲಿಗೇ ಬರುತ್ತೇನೆ.

ಈಗ ಚಿಕಿತ್ಸೆ. 1987ರಲ್ಲಿ ಅಮೆರಿಕದ ಜೇಮ್ಸ್ ಕಾಕ್ಸ್ ಎಂಬ ಶಸ್ತ್ರವೈದ್ಯರು ಎದೆ ತೆರೆದು, ಮೇಲಿನ ಕೋಣೆಗಳನ್ನು ಅಲ್ಲಲ್ಲಿ ಕತ್ತರಿಸಿ ಹೊಲಿದು ಎ.ಎಫ್ ನಿಲ್ಲಿಸಿದರು. "ಎದೆ ಸೀಳುತ್ತಾರೆ" ಎಂಬ ಭಯಕ್ಕೆ ಅದೊಂದು ಕಾಲದಲ್ಲಿ ಆಧಾರವಿತ್ತು. 1998ರಲ್ಲಿ ಫ್ರಾನ್ಸಿನ ಬೋರ್ಡೋ ನಗರದ ಮಿಶೆಲ್ ಐಸಗೇರ್ ಮತ್ತು ಅವರ ಸಂಗಡಿಗರು ದಾರಿಯನ್ನೇ ಬದಲಿಸಿದರು. ಎ.ಎಫ್ ಎಬ್ಬಿಸುವ ತಪ್ಪು ಕಿಡಿಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಶ್ವಾಸಕೋಶದಿಂದ ಹೃದಯಕ್ಕೆ ರಕ್ತ ತರುವ ನಾಳಗಳ ಬಾಯಲ್ಲಿ ಹುಟ್ಟುತ್ತವೆ ಎಂದು ಅವರು ತೋರಿಸಿದರು. ಇಂಥ ನಾಳಗಳು ಸಾಮಾನ್ಯವಾಗಿ ನಾಲ್ಕು. ಅವುಗಳ ಬಾಯಿಯ ಸುತ್ತ ಬೇಲಿ ಹಾಕಿದಂತೆ ಸುಟ್ಟರೆ ಕಿಡಿ ಒಳಗೇ ಹುಟ್ಟಿ ಒಳಗೇ ಸಾಯುತ್ತದೆ. ಇವತ್ತು ನಾವು ಮಾಡುವುದು ಇಷ್ಟೇ. ಬೇಲಿಯನ್ನು ಬಿಸಿಯಿಂದ ಹಾಕಬಹುದು, ಬಲೂನಿನೊಳಗೆ ಸೊನ್ನೆಗಿಂತ 40, 50 ಡಿಗ್ರಿ ಕೆಳಗಿನ ಶೀತದಿಂದಲೂ ಹಾಕಬಹುದು. ಇತ್ತೀಚೆಗೆ ಕ್ಷಣಮಾತ್ರದ ವಿದ್ಯುತ್ ಮಿಡಿತಗಳಿಂದಲೂ ಮಾಡುತ್ತಾರೆ. ಯಾವುದು ಒಳ್ಳೆಯದೆಂದು ಜಾಹೀರಾತು ನೋಡಿ ತಲೆಕೆಡಿಸಿಕೊಳ್ಳಬೇಡಿ. ಮಾಡುವವರು ಇಂಥ ಕೆಲಸವನ್ನು ವರ್ಷಕ್ಕೆ ಎಷ್ಟು ಮಾಡುತ್ತಾರೆ ಎಂದು ಕೇಳಿ. ಕೇಳಿದ್ದಕ್ಕೆ ಸಿಟ್ಟಾಗುವ ಡಾಕ್ಟರಾದರೆ ಬೇರೆಯವರನ್ನೂ ನೋಡಿ.

ಹಿಂದಿನ ರಾತ್ರಿಯಿಂದ ಏನಾಗುತ್ತದೆ? ಕನಿಷ್ಠ ಆರು ಗಂಟೆ ಏನೂ ತಿನ್ನುವಂತಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್ ಬೆಳಿಗ್ಗೆ ಬೇಕೋ ಬೇಡವೋ ಕೇಳಿಕೊಳ್ಳಬೇಕು. ರಕ್ತ ತೆಳು ಮಾಡುವ ಮಾತ್ರೆಯನ್ನು "ಆಪರೇಶನ್ ಇದೆಯಲ್ಲ" ಎಂದು ನೀವಾಗಿ ನಿಲ್ಲಿಸಬಾರದು. ಈ ಚಿಕಿತ್ಸೆಗೆ ಅದನ್ನು ಬಹುಮಟ್ಟಿಗೆ ಮುಂದುವರಿಸಿಯೇ ಮಾಡುತ್ತೇವೆ. ಎ.ಎಫ್ ಇದ್ದವರಿಗೆ ಮೊದಲು ಬಾಯಿಯಿಂದ ಅನ್ನನಾಳಕ್ಕೆ ಒಂದು ಕೊಳವೆ ಇಳಿಸಿ, ಹೃದಯದ ಆ ಚೀಲದಲ್ಲಿ ಹೆಪ್ಪು ಇದೆಯೇ ಎಂದು ನೋಡುವುದುಂಟು. ಸಿಟಿ ಸ್ಕ್ಯಾನ್‌ನಲ್ಲೂ ನೋಡಬಹುದು. ಹೆಪ್ಪು ಕಂಡರೆ ಆ ದಿನ ಚಿಕಿತ್ಸೆ ಇಲ್ಲ, ಕೆಲವು ವಾರ ಮಾತ್ರೆ ತಿಂದು ಮತ್ತೆ ಬರಬೇಕು. ಊರಿಂದ ಕಾರು ಮಾಡಿಕೊಂಡು ಬಂದು ಹೀಗೆ ವಾಪಸಾದವರಿಗೆ ಬೇಸರವಾಗುತ್ತದೆ, ನನಗೆ ಗೊತ್ತು. ಅದು ಪ್ರಾಣ ಉಳಿಸಿದ ವಾಪಸಾತಿ.

ಇಷ್ಟಲಿಂಗದ ವಿಷಯ ಕೇಳುತ್ತಾರೆ, ಅದರಲ್ಲೂ ವಯಸ್ಸಾದ ತಾಯಂದಿರು. "ಮೈಮೇಲಿಂದ ತೆಗೆಯಬೇಕಾ ಡಾಕ್ಟ್ರೇ?" ಎಂದು ಕಣ್ಣಲ್ಲಿ ನೀರು ತಂದುಕೊಂಡವರನ್ನು ನೋಡಿದ್ದೇನೆ. ಎದೆಯ ಮೇಲೆ ಲೋಹ ಇರಕೂಡದು ಎಂಬುದಕ್ಕೆ ಕಾರಣವಿದೆ. ಎಕ್ಸ್‌ರೇ ಚಿತ್ರಕ್ಕೆ ಅದು ಅಡ್ಡ ಬರುತ್ತದೆ. ಬಡಿತ ಸರಿಪಡಿಸಲು ಎದೆಗೆ ಷಾಕ್ ಕೊಡಬೇಕಾಗಿ ಬಂದರೆ ಲೋಹ ಇದ್ದ ಜಾಗ ಸುಡಬಹುದು. ನಾನು ಕೆಲಸ ಮಾಡುವ ಕಡೆ ಬೆಳ್ಳಿಯ ಕರಡಿಗೆ, ಸರ ಮನೆಯವರ ಕೈಗೆ ಕೊಡಿಸಿ, ಲಿಂಗವನ್ನು ಶುಭ್ರವಾದ ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟಿಕೊಳ್ಳಲು ಬಿಡುತ್ತೇವೆ. ಎಲ್ಲ ಆಸ್ಪತ್ರೆಯಲ್ಲೂ ಇದೇ ಕ್ರಮ ಇರಲಿಕ್ಕಿಲ್ಲ. ಹಿಂದಿನ ದಿನವೇ ಸಿಸ್ಟರ್ ಹತ್ತಿರ ಮಾತನಾಡಿ. ಟೇಬಲ್ ಮೇಲೆ ಮಲಗಿದ ಮೇಲೆ ವಾದ ಶುರುವಾದರೆ ಯಾರಿಗೂ ಸಮಾಧಾನವಿಲ್ಲ. ಹಾಗೆಯೇ ತೊಡೆಸಂದಿನ ಕೂದಲು ತೆಗೆಯುವ ಕೆಲಸ ಇರುತ್ತದೆ. ಹೆಂಗಸರಿಗೆ ಹೆಣ್ಣು ಸಿಬ್ಬಂದಿಯೇ ಬೇಕೆಂದು ಕೇಳುವುದು ನಿಮ್ಮ ಹಕ್ಕು. ಸಂಕೋಚ ಬೇಡ.

ಕ್ಯಾಥ್ ಲ್ಯಾಬ್ ತಣ್ಣಗಿರುತ್ತದೆ, ಸುತ್ತ ಪರದೆಗಳು, ಮೈಗೆಲ್ಲ ಅಂಟುಪಟ್ಟಿಗಳು. ಎಸ್‌ವಿಟಿಯವರಿಗೆ ತೊಡೆಸಂದು ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಎಚ್ಚರವಿರುವಾಗಲೇ ಮಾಡುವುದು ಹೆಚ್ಚು. ನಾವು ಬೇಕೆಂದೇ ಬಡಿತ ಎಬ್ಬಿಸಿ ನೋಡುತ್ತೇವೆ, ಗಾಬರಿಯಾಗಬೇಡಿ. ಕಳ್ಳನನ್ನು ಹಿಡಿಯಬೇಕಾದರೆ ಕಳ್ಳ ಹೊರಗೆ ಬರಬೇಕಲ್ಲ! ಎ.ಎಫ್‌ನವರಿಗೆ ಪೂರ್ತಿ ಅರಿವಳಿಕೆ ಅಥವಾ ಗಾಢ ಮಂಪರು. ತೊಡೆಸಂದಿನ ಅಭಿಧಮನಿಯಲ್ಲಿ ಸೂಜಿ ಚುಚ್ಚಿ ತೆಳುವಾದ ಕೊಳವೆಗಳನ್ನು ಹೃದಯದ ಬಲಗೋಣೆಗೆ ಒಯ್ಯುತ್ತೇವೆ. ನಡುಗೋಡೆಯಲ್ಲಿ ಸಣ್ಣ ತೂತು ಮಾಡಿ ಎಡಕ್ಕೆ ದಾಟುತ್ತೇವೆ. ಆ ತೂತು ಸಾಮಾನ್ಯವಾಗಿ ತಾನೇ ಮುಚ್ಚಿಕೊಳ್ಳುತ್ತದೆ. ಒಟ್ಟು ಎರಡರಿಂದ ನಾಲ್ಕು ಗಂಟೆ. ಹೊರಗೆ ಕಾಯುವ ಮನೆಯವರು ತಡವಾಯಿತೆಂದರೆ ಕೆಟ್ಟದಾಯಿತು ಎಂದು ತಿಳಿಯುತ್ತಾರೆ. ಹಾಗಲ್ಲ, ಬೇಲಿ ಪೂರ್ತಿಯಾಗಿದೆಯೇ ಎಂದು ಪರೀಕ್ಷಿಸಲು ಹೊತ್ತು ಹಿಡಿಯುತ್ತದೆ.

ತೊಂದರೆಗಳನ್ನೂ ಮುಚ್ಚಿಡದೆ ಹೇಳುತ್ತೇನೆ. ತೊಡೆಸಂದಿನಲ್ಲಿ ರಕ್ತ ಕಟ್ಟಿ ಕಪ್ಪಾಗುವುದು ಸಾಮಾನ್ಯ. ನೂರಕ್ಕೆ ಸುಮಾರು ಒಬ್ಬರಿಗೆ ಹೃದಯದ ಗೋಡೆಗೆ ಗಾಯವಾಗಿ ಹೊರಚೀಲದಲ್ಲಿ ರಕ್ತ ತುಂಬಬಹುದು, ಆಗ ಅಲ್ಲೇ ಸೂಜಿಯಿಂದ ತೆಗೆಯುತ್ತೇವೆ, ಅಪರೂಪಕ್ಕೆ ಶಸ್ತ್ರಚಿಕಿತ್ಸೆ. ಚಿಕಿತ್ಸೆಯ ಹೊತ್ತಿನಲ್ಲೇ ಲಕ್ವ ಹೊಡೆಯುವುದು ಅದಕ್ಕಿಂತಲೂ ಕಡಿಮೆ, ಆದರೆ ಇಲ್ಲವೆಂದು ಹೇಳಲಾರೆ.

ಮುಗಿದ ಮೇಲೆ ನಾಲ್ಕರಿಂದ ಆರು ಗಂಟೆ ಕಾಲು ಮಡಿಸದೆ ಅಂಗಾತ ಮಲಗಬೇಕು. ಹಲವರು ನನಗೆ ಹೇಳಿದ್ದು, ಚಿಕಿತ್ಸೆಗಿಂತ ಈ ಮಲಗುವುದೇ ಕಷ್ಟ ಎಂದು. ಮರುದಿನ ಅಥವಾ ಮೂರನೆಯ ದಿನ ಮನೆಗೆ. ಮನೆಯಲ್ಲಿ ಒಂದು ವಾರ ಕೊಡಪಾನ ಎತ್ತಬೇಡಿ, ಗಾಡಿ ಕಿಕ್ ಹೊಡೆಯಬೇಡಿ, ಕುಕ್ಕರಗಾಲಿನಲ್ಲಿ ಕೂರುವ ಪಾಯಖಾನೆ ಬೇಡ. ಅದಕ್ಕೆ ಪ್ಲಾಸ್ಟಿಕ್ ಸ್ಟೂಲು ಸಿಗುತ್ತದೆ, ಇಲ್ಲದಿದ್ದರೆ ತೂತು ಕೊರೆದ ಹಳೇ ಕುರ್ಚಿ ಸಾಕು. ಪೂಜೆಗೆ ಪದ್ಮಾಸನ ಹಾಕದೆ ಕುರ್ಚಿಯ ಮೇಲೆ ಕುಳಿತು ಮಾಡಿ. ಊರು ದೂರವಿದ್ದರೆ ಎರಡು ಗಂಟೆಗೊಮ್ಮೆ ಗಾಡಿ ನಿಲ್ಲಿಸಿ ನಾಲ್ಕು ಹೆಜ್ಜೆ ನಡೆಯಿರಿ. ಚುಚ್ಚಿದ ಜಾಗದಿಂದ ರಕ್ತ ಬಂದರೆ ಅಲ್ಲೇ ಮಲಗಿ, ಅಂಗೈಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಲು ಮನೆಯವರಿಗೆ ಕಲಿಸಿಡಿ. ನಿಲ್ಲದಿದ್ದರೆ ಒತ್ತಿಕೊಂಡೇ ಆಸ್ಪತ್ರೆಗೆ.

ಇನ್ನು ಫಲದ ಮಾತು. ಎ.ಎಫ್ ಅಬ್ಲೇಶನ್ ಆದ ಮೊದಲ ಎರಡು ಮೂರು ತಿಂಗಳಲ್ಲಿ ಬಡಿತ ಮತ್ತೆ ತಪ್ಪಬಹುದು. ಸುಟ್ಟ ಗಾಯ ಮಾಗುತ್ತಿರುತ್ತದೆ, ಊತ ಇರುತ್ತದೆ. "ದುಡ್ಡು ನೀರಿಗೆ ಹೋಯ್ತು" ಎಂದು ಮನೆಯಲ್ಲಿ ಜಗಳ ಶುರುವಾಗುವುದು ಆಗಲೇ. ಆ ಅವಧಿಯ ಬಡಿತವನ್ನು ನಾವು ಸೋಲೆಂದು ಎಣಿಸುವುದಿಲ್ಲ. ಕೆಲವು ದಿನ ಉಸಿರೆಳೆದಾಗ ಎದೆ ಹಿಡಿದಂತಾಗಬಹುದು. ಸುಮ್ಮನಿದ್ದಾಗಲೂ ನಾಡಿ ಮೊದಲಿಗಿಂತ ಹತ್ತು ಹದಿನೈದು ಹೆಚ್ಚಿರಬಹುದು. ಇದೂ ಚಿಕಿತ್ಸೆಯ ಪರಿಣಾಮವೇ, ಹೆದರಬೇಕಿಲ್ಲ.

ಬಂದು ಹೋಗುವ ಬಗೆಯ ಎ.ಎಫ್ ಆದರೆ ಒಂದು ವರ್ಷದ ಕೊನೆಗೆ ಹತ್ತರಲ್ಲಿ ಏಳು ಮಂದಿ ಚೆನ್ನಾಗಿರುತ್ತಾರೆ. ಬಿಡದೆ ತಿಂಗಳುಗಟ್ಟಲೆ ಕೂತ ಎ.ಎಫ್‌ಗೆ ಅಷ್ಟು ಫಲವಿಲ್ಲ. ಕೆಲವರಿಗೆ ಎರಡನೆಯ ಸಲ ಬೇಕಾಗುತ್ತದೆ. ಕವಾಟ ಕಿರಿದಾದವರಿಗೆ ಮೊದಲು ಕವಾಟದ ಕೆಲಸ, ಇದು ಆಮೇಲೆ. ಅಬ್ಲೇಶನ್ ಆಯುಸ್ಸು ಹೆಚ್ಚಿಸುತ್ತದೆಯೇ? 2019ರಲ್ಲಿ ಪ್ರಕಟವಾದ ಕಬಾನಾ ಎಂಬ ಅಧ್ಯಯನದಲ್ಲಿ 2,200ಕ್ಕೂ ಹೆಚ್ಚು ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದರು. ಸಾವು, ಲಕ್ವಗಳ ಲೆಕ್ಕದಲ್ಲಿ ಮಾತ್ರೆಯ ಗುಂಪಿಗೂ ಅಬ್ಲೇಶನ್ ಗುಂಪಿಗೂ ಖಚಿತವಾದ ವ್ಯತ್ಯಾಸ ಕಾಣಲಿಲ್ಲ. ಆದರೆ ಅಬ್ಲೇಶನ್ ಆದವರ ಸುಸ್ತು, ದಮ್ಮು ಕಡಿಮೆಯಾಗಿ ಬದುಕು ಹಗುರಾಯಿತು. ಹೃದಯದ ಪಂಪ್ ಸೋತವರಲ್ಲಿ ಕೆಲವರಿಗೆ ಪ್ರಾಣಲಾಭವೂ ಇದೆ ಎಂದು ಬೇರೆ ಅಧ್ಯಯನಗಳು ಹೇಳಿವೆ. ಆದ್ದರಿಂದ ಏನೂ ತೊಂದರೆ ಅನಿಸದ, ಎಂಬತ್ತು ದಾಟಿದ ಅಜ್ಜನಿಗೆ ಹೊಲ ಮಾರಿ ಅಬ್ಲೇಶನ್ ಮಾಡಿಸುವ ಅಗತ್ಯ ಬಹಳ ಸಲ ಇರುವುದಿಲ್ಲ. ಎರಡನೆಯ ವೈದ್ಯರ ಅಭಿಪ್ರಾಯ ಕೇಳಿ. ಸರ್ಕಾರಿ ಯೋಜನೆಯಲ್ಲಿ, ವಿಮೆಯಲ್ಲಿ ಎಷ್ಟು ಸಿಗುತ್ತದೆ ಎಂದು ದಾಖಲಾಗುವ ಮೊದಲೇ ಬರೆಸಿಕೊಳ್ಳಿ.

ತೂಕದ ಬಗ್ಗೆ ಒಂದು ಮಾತು. ಆಸ್ಟ್ರೇಲಿಯಾದ ಅಡಿಲೇಡ್‌ನ ವೈದ್ಯರು 2015ರಲ್ಲಿ ತೋರಿಸಿದ್ದಾರೆ: ದಪ್ಪವಿರುವ ಎ.ಎಫ್ ರೋಗಿಗಳಲ್ಲಿ ಹತ್ತರಲ್ಲೊಂದು ಭಾಗ ತೂಕ ಇಳಿಸಿ ಉಳಿಸಿಕೊಂಡವರು ಲಯ ಕಾಪಾಡಿಕೊಳ್ಳುವ ಸಾಧ್ಯತೆ ಇಳಿಸದವರ ಆರು ಪಟ್ಟು. ದಾಸೋಹದಲ್ಲಿ ಹೋಳಿಗೆ ಬಡಿಸುವಾಗ ಕೈ ಅಡ್ಡ ಹಿಡಿದರೆ ಪ್ರಸಾದಕ್ಕೆ ಅಪಚಾರವಲ್ಲ. ಪೂಜ್ಯರು ನಗುತ್ತಿದ್ದಾರೆ, ಒಪ್ಪಿಗೆ ಎಂದುಕೊಂಡಿದ್ದೇನೆ.

ಈಗ ರಕ್ತ ತೆಳು ಮಾಡುವ ಮಾತ್ರೆಗೆ ಬರುತ್ತೇನೆ. ನನ್ನ ರೋಗಿಯೊಬ್ಬರು ನಿವೃತ್ತ ಮೇಷ್ಟ್ರು, ಬಿಪಿ ಮತ್ತು ಸಕ್ಕರೆ ಎರಡೂ ಇದ್ದವರು. ಅಬ್ಲೇಶನ್ ಚೆನ್ನಾಗಿ ಆಯಿತು. ನಾಲ್ಕು ತಿಂಗಳಾದರೂ ನಾಡಿ ಗಡಿಯಾರದ ಹಾಗಿತ್ತು. ಊರಿನ ಹಿತೈಷಿಯೊಬ್ಬರು, "ರೋಗವೇ ಹೋದ ಮೇಲೆ ಮಾತ್ರೆ ಯಾಕೆ ಮೇಷ್ಟ್ರೇ, ರಕ್ತ ನೀರಾಗುತ್ತೆ" ಎಂದರಂತೆ. ನಿಲ್ಲಿಸಿದರು. ಆರನೆಯ ವಾರ ಬೆಳಿಗ್ಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಬಲಗೈ ಹೋಯಿತು, ಮಾತು ಹೋಯಿತು. ನಲವತ್ತು ವರ್ಷ ಪಾಠ ಹೇಳಿದ ಬಾಯಿ. ಈಗ ಹೆಂಡತಿಯ ಹೆಸರು ಹೇಳಲು ತಡಕಾಡುತ್ತಾರೆ.

ಎ.ಎಫ್ ಅಬ್ಲೇಶನ್ ಆದ ಮೇಲೆ ಕನಿಷ್ಠ ಎರಡು ಮೂರು ತಿಂಗಳು ಈ ಮಾತ್ರೆ ಎಲ್ಲರಿಗೂ ಬೇಕು, ಯಾಕೆಂದರೆ ಸುಟ್ಟ ಜಾಗದ ಮೇಲೆಯೇ ಹೆಪ್ಪು ಕಟ್ಟಬಹುದು. ಆಮೇಲೆ ಮುಂದುವರಿಸಬೇಕೇ ಎಂಬುದನ್ನು ತೀರ್ಮಾನಿಸಬೇಕಾದವರು ನಿಮ್ಮ ವೈದ್ಯರು. ವಯಸ್ಸು 65 ದಾಟಿದೆಯೇ, 75 ದಾಟಿದೆಯೇ, ಬಿಪಿ ಇದೆಯೇ, ಸಕ್ಕರೆ ಇದೆಯೇ, ಹೃದಯ ಸೋತಿದೆಯೇ, ಹಿಂದೆ ಲಕ್ವ ಬಂದಿತ್ತೇ, ಇವನ್ನೆಲ್ಲ ಅವರು ಕೂಡಿಸಿ ನೋಡುತ್ತಾರೆ. ನಾಡಿ ಸರಿಯಿದೆ ಎಂಬ ಒಂದೇ ಕಾರಣಕ್ಕೆ ನಿಲ್ಲಿಸುವಂತಿಲ್ಲ. ನಿಮಗೆ ತಿಳಿಯದಂತೆ ನಿದ್ರೆಯಲ್ಲಿ ಎ.ಎಫ್ ಬಂದು ಹೋಗಬಹುದು.

"ಎಕೋಸ್ಪ್ರಿನ್ ತಗೋತಿದ್ದೀನಲ್ಲ, ಅದೂ ರಕ್ತ ತೆಳು ಮಾಡೋದೇ" ಎನ್ನುವವರಿದ್ದಾರೆ. ಎ.ಎಫ್‌ನ ಹೆಪ್ಪಿಗೆ ಅದು ಸಾಲದು. ವಾರ್ಫರಿನ್ ಅಥವಾ ಅಸಿಟ್ರಾಂ ತಿನ್ನುವವರು ಐಎನ್‌ಆರ್ ಪರೀಕ್ಷೆ ಮಾಡಿಸುತ್ತಿರಬೇಕು, ಸಾಮಾನ್ಯವಾಗಿ ಅದು 2 ಮತ್ತು 3ರ ನಡುವೆ ಇರಬೇಕು. ಪಾಲಕ್, ಮೆಂತ್ಯ, ರಾಜಗಿರಿ ಸೊಪ್ಪನ್ನು ಪೂರ್ತಿ ಬಿಡಬೇಕಿಲ್ಲ. ಒಂದು ವಾರ ದಿನವೂ ಸೊಪ್ಪು, ಮುಂದಿನ ವಾರ ಒಂದೆಲೆಯೂ ಇಲ್ಲ ಎಂಬಂತೆ ಮಾಡಬೇಡಿ, ಒಂದೇ ಅಳತೆ ಇರಲಿ. ಡಬಿಗಾಟ್ರಾನ್, ರಿವರೊಕ್ಸಬಾನ್, ಎಪಿಕ್ಸಬಾನ್ ಎಂಬ ಹೊಸ ಮಾತ್ರೆಗಳಿಗೆ ಆ ಪರೀಕ್ಷೆ ಬೇಡ, ಆದರೆ ಅವುಗಳ ಶಕ್ತಿ ಒಂದು ದಿನದಲ್ಲಿ ಇಳಿದುಹೋಗುತ್ತದೆ. ಜಾತ್ರೆಗೆ ಹೋದಾಗ ಮಾತ್ರೆ ಮರೆತು ಬಂದೆ ಎಂದರೆ ಆ ಎರಡು ದಿನ ರಕ್ಷಣೆ ಇಲ್ಲ. ಕೀಲುಜ್ವರದಿಂದ ಕವಾಟ ಕಿರಿದಾದವರಿಗೆ ಹಳೆಯ ಮಾತ್ರೆಯೇ ಮೇಲು ಎಂದು 2022ರ ಅಧ್ಯಯನ ತೋರಿಸಿದೆ. ಲೋಹದ ಕವಾಟ ಹಾಕಿಸಿಕೊಂಡವರೂ ಹೊಸದಕ್ಕೆ ಹೋಗಬಾರದು. ಮಂಡಿನೋವಿಗೆ ಮೆಡಿಕಲ್ ಅಂಗಡಿಯಿಂದ ನೀವೇ ನೋವಿನ ಮಾತ್ರೆ ತಂದು ನುಂಗಿದರೆ ಹೊಟ್ಟೆಯಲ್ಲಿ ರಕ್ತ ಸೋರಬಹುದು. ಬೇರಿನ ಕಷಾಯ, ಪುಡಿಗಳನ್ನೂ ಕೇಳದೆ ಸೇರಿಸಬೇಡಿ.

ಇನ್ನೊಂದು ಎಚ್ಚರಿಕೆ, ಇದನ್ನು ಮನೆಯವರು ಕೇಳಿಸಿಕೊಳ್ಳಬೇಕು. ಹೃದಯದ ಹಿಂದೆಯೇ ಅನ್ನನಾಳ ಇದೆ. ಸುಟ್ಟ ಬಿಸಿ ತಾಗಿ ಎರಡರ ನಡುವೆ ತೂತಾಗುವುದು ಸಾವಿರಕ್ಕೆ ಒಬ್ಬರಿಗಿಂತಲೂ ಕಡಿಮೆ, ಆದರೆ ಆದರೆ ಪ್ರಾಣಕ್ಕೇ ಬರುತ್ತದೆ. ಅದು ಕಾಣಿಸುವುದು ಒಂದರಿಂದ ಎಂಟು ವಾರದ ಒಳಗೆ, ಎಲ್ಲ ಚೆನ್ನಾಗಿದೆ ಎಂದು ನೀವು ನಿಶ್ಚಿಂತರಾದ ಮೇಲೆ. ಜ್ವರ, ನುಂಗುವಾಗ ನೋವು, ಎದೆನೋವು, ರಕ್ತವಾಂತಿ, ಮಾತು ತೊದಲುವುದು, ಇವುಗಳಲ್ಲಿ ಯಾವುದು ಬಂದರೂ ಊರಲ್ಲಿ ಜ್ವರದ ಇಂಜೆಕ್ಷನ್ ಹಾಕಿಸಿಕೊಂಡು ಕೂರಬೇಡಿ. "ಇಂಥ ದಿನ ಅಬ್ಲೇಶನ್ ಆಗಿದೆ" ಎಂದು ಮೊದಲ ಮಾತಿನಲ್ಲೇ ಹೇಳಿ, ಎದೆಯ ಸಿಟಿ ಸ್ಕ್ಯಾನ್ ಮಾಡಿಸಿ. ಗಂಟಲಿನಿಂದ ಎಂಡೋಸ್ಕೋಪಿ ಮಾಡಿಸಬಾರದು, ಅದರ ಗಾಳಿ ತೂತಿನ ಮೂಲಕ ಹೃದಯಕ್ಕೆ ಹೋಗಬಹುದು. ಇದನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲೋ, ಸೆರಗಿನ ಗಂಟಿನಲ್ಲೋ ಎರಡು ತಿಂಗಳು ಇಟ್ಟುಕೊಳ್ಳಿ.

ನನ್ನ ಮಾತು ಇಷ್ಟೇ. ಹಿಂದಿನ ಪ್ರಸಾದ ನಿಲಯದ ಹಜಾರದಲ್ಲಿ ನಮ್ಮ ಇಬ್ಬರು ಸಿಸ್ಟರ್‌ಗಳು ಇಸಿಜಿ ಯಂತ್ರ ಇಟ್ಟುಕೊಂಡು ಕುಳಿತಿದ್ದಾರೆ. 65 ದಾಟಿದವರು ಮೊದಲು ಅಲ್ಲಿ ನಾಡಿ ತೋರಿಸಿ ಆಮೇಲೆ ಪ್ರಸಾದಕ್ಕೆ ಹೋಗಿ. ತಾಯಂದಿರಿಗೆ ಪರದೆ ಕಟ್ಟಿಸಿದ್ದೇವೆ. ಮಾತ್ರೆಯ ಚೀಟಿ ತಂದಿರುವವರು ನನ್ನ ಹತ್ತಿರವೇ ಬನ್ನಿ, ಊಟ ಮುಗಿಯುವವರೆಗೂ ಇಲ್ಲೇ ಇರುತ್ತೇನೆ.